ಹೊದಿಕೆ ಹೊದ್ದ ರೋಗಾಣುವಿನ ಕಥೆ



ಕಣ್ಣಿಗೆ ಒಂದು ಧೂಳಿನ ಕಣ ಬಿದ್ದರೆ ನಾವು ಎಷ್ಟು ಪರದಾಡುತ್ತೇವೆ! ಸೆರಗಿನ ತುದಿಯನ್ನು ಉಂಡೆ ಮಾಡಿ, ಬಿಸಿಯುಸಿರು ಊದಿ, ಕಣ್ಣಿಗೆ ಒತ್ತಿಕೊಂಡು, ಆ ಕಣ ಹೊರಬೀಳುವ ತನಕ ನಮಗೆ ಸಮಾಧಾನವಿಲ್ಲ. ಇನ್ನು, ಕಣ್ಣನ್ನು ಕಾಯಬೇಕಾದ ರೆಪ್ಪೆಗೂದಲುಗಳೇ ಒಳಕ್ಕೆ ಬಾಗಿ, ಮಿಟುಕಿಸಿದಾಗಲೆಲ್ಲ ಕಣ್ಣಿನ ಕರಿಗುಡ್ಡೆಯನ್ನು ಗೀರತೊಡಗಿದರೆ ಹೇಗಿರಬೇಕು? ಒಂದು ದಿನವಲ್ಲ, ಒಂದು ತಿಂಗಳಲ್ಲ, ವರ್ಷಗಟ್ಟಲೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಗೀರಿ ಗೀರಿ ಕರಿಗುಡ್ಡೆ ಬೆಳ್ಳಗಾಗುತ್ತದೆ. ಕೊನೆಗೆ ದೃಷ್ಟಿಯೇ ಹೋಗುತ್ತದೆ. ಈ ರೋಗದ ಹೆಸರು ಟ್ರಕೋಮಾ. ಗ್ರೀಕ್ ಭಾಷೆಯಲ್ಲಿ ಈ ಮಾತಿಗೆ ಒರಟುತನ ಎಂದು ಅರ್ಥ. ರೆಪ್ಪೆಯನ್ನು ಮಗುಚಿ ನೋಡಿದರೆ ಒಳಮೈ ನುಣುಪಾಗಿರದೆ, ಸಣ್ಣ ಸಣ್ಣ ಕಾಳುಗಳಂಥ ಗುಳ್ಳೆಗಳಿಂದ ಒರಟಾಗಿರುತ್ತದೆ. ಅದರಿಂದಲೇ ಈ ಹೆಸರು.

ಈ ರೋಗವನ್ನು ತರುವುದು ಕ್ಲಮಿಡಿಯಾ ಎಂಬ ಬ್ಯಾಕ್ಟೀರಿಯಾ. ಇಂದಿನ ಮಾತು ಆ ಬ್ಯಾಕ್ಟೀರಿಯಾದ ಚರಿತ್ರೆಯನ್ನು ಕುರಿತದ್ದು. ರಾಜಮಹಾರಾಜರ ಚರಿತ್ರೆಯನ್ನು ನಾವು ಬೇಕಾದಷ್ಟು ಓದಿದ್ದೇವೆ. ರಾಜರ ದಂಡನ್ನೇ ಕುರುಡಾಗಿಸಿದ ಒಂದು ಅಣುಜೀವಿಯ ಚರಿತ್ರೆಯನ್ನೂ ಸ್ವಲ್ಪ ಕೇಳೋಣ.

ಮೊದಲಿಗೆ ಇದರ ಹಳಮೆ. ಈಜಿಪ್ಟಿನಲ್ಲಿ ದೊರೆತ, ಸುಮಾರು ಕ್ರಿ.ಪೂ. 1550ರ ಕಾಲದ್ದೆಂದು ಹೇಳಲಾಗುವ ಏಬರ್ಸ್ ಪಪೈರಸ್ ಎಂಬ ವೈದ್ಯಗ್ರಂಥದಲ್ಲಿ ಕಣ್ಣಿನ ರೋಗಗಳಿಗೆ ಅನೇಕ ಮದ್ದುಗಳಿವೆ. ಕಣ್ಣನ್ನು ಚುಚ್ಚುವ ರೆಪ್ಪೆಗೂದಲನ್ನು ಕಿತ್ತ ಮೇಲೆ ಅದು ಮತ್ತೆ ಬೆಳೆಯದಂತೆ ಏನು ಹಚ್ಚಬೇಕೆಂಬುದೂ ಅದರಲ್ಲಿದೆ. ಅಂದರೆ ಮೂರೂವರೆ ಸಾವಿರ ವರ್ಷಗಳ ಹಿಂದೆಯೇ ನೈಲ್ ನದಿಯ ದಂಡೆಯ ಮೇಲೆ ಯಾರೋ ಒಬ್ಬ ತಾಯಿ ಈ ಬಾಧೆಯಿಂದ ನರಳಿದ್ದಾಳೆ, ಯಾರೋ ಒಬ್ಬ ವೈದ್ಯ ಚಿಮ್ಮಟ ಹಿಡಿದು ಅವಳೆದುರು ಕುಳಿತಿದ್ದಾನೆ. ನಮ್ಮ ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ ಪೋಥಕೀ ಎಂಬ ರೆಪ್ಪೆಯ ರೋಗದ ವರ್ಣನೆ ಬರುತ್ತದೆ. ಕೆಂಪು ಸಾಸಿವೆ ಕಾಳಿನಂಥ ಗುಳ್ಳೆಗಳು, ತುರಿಕೆ, ನೀರು ಸುರಿಯುವುದು, ನೋವು ಇವು ಅದರ ಲಕ್ಷಣಗಳು. ಇದು ಟ್ರಕೋಮಾವೇ ಎಂದು ಆಯುರ್ವೇದ ವಿದ್ವಾಂಸರಲ್ಲಿ ಅನೇಕರು ಗುರುತಿಸುತ್ತಾರೆ.

ಯುರೋಪಿನವರ ಕಣ್ಣು ತೆರೆಸಿದ್ದು, ಅಥವಾ ಮುಚ್ಚಿಸಿದ್ದು ಎನ್ನೋಣ, ನೆಪೋಲಿಯನ್ನನ ದಂಡಯಾತ್ರೆ. 1798ರಲ್ಲಿ ಅವನು ಈಜಿಪ್ಟಿನ ಮೇಲೆ ಏರಿಹೋದ. ಫಿರಂಗಿಗೆ ಹೆದರದ ಸಿಪಾಯಿಗಳು ಅಲ್ಲಿ ಕಣ್ಣುಬೇನೆಗೆ ಸೋತರು. ಸಾವಿರಾರು ಮಂದಿಯ ಕಣ್ಣು ಕೆಂಪೇರಿ, ಕೀವು ಸುರಿದು, ಎಷ್ಟೋ ಜನ ಕುರುಡರಾದರು. ಅವರನ್ನು ಹೊರಗಟ್ಟಲು 1801ರಲ್ಲಿ ಬಂದ ಇಂಗ್ಲಿಷ್ ದಂಡಿಗೂ ಅದೇ ಗತಿಯಾಯಿತು. ಇದರಲ್ಲಿ ಟ್ರಕೋಮಾ ಮಾತ್ರವಲ್ಲ, ಬೇರೆ ಕಣ್ಣುಬೇನೆಗಳೂ ಬೆರೆತಿದ್ದವು ಎಂದು ಈಗಿನ ವೈದ್ಯರು ಹೇಳುತ್ತಾರೆ. ಯುದ್ಧ ಮುಗಿಸಿ ಊರಿಗೆ ಮರಳಿದ ಸಿಪಾಯಿಗಳು ರೋಗವನ್ನು ತಮ್ಮೊಡನೆ ಕೊಂಡೊಯ್ದರು. ಈಜಿಪ್ಟಿನ ಕಣ್ಣುಬೇನೆ ಎಂಬ ಹೆಸರೇ ಅದಕ್ಕೆ ಬಂತು. ಆ ಹಾವಳಿಯ ನಡುವೆಯೇ 1805ರಲ್ಲಿ ಜಾನ್ ಕನಿಂಗ್‌ಹ್ಯಾಮ್ ಸಾಂಡರ್ಸ್ ಎಂಬ ವೈದ್ಯ ಲಂಡನ್ನಿನಲ್ಲಿ ಒಂದು ಕಣ್ಣಿನ ಔಷಧಾಲಯ ತೆರೆದ. ಅದೇ ಮುಂದೆ ಜಗತ್ಪ್ರಸಿದ್ಧವಾದ ಮೂರ್‌ಫೀಲ್ಡ್ಸ್ ಕಣ್ಣಿನ ಆಸ್ಪತ್ರೆ. ಒಂದು ಕೆಡುಕಿನ ಹೊಟ್ಟೆಯಲ್ಲಿ ಹುಟ್ಟಿದ ಒಳಿತು ಅದು.

ಇನ್ನು ಅಮೆರಿಕದ ಕಥೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಯುರೋಪಿನ ಬಡವರು ಹಡಗು ಹಡಗಾಗಿ ನ್ಯೂಯಾರ್ಕಿಗೆ ಬರುತ್ತಿದ್ದರು. 1897ರಲ್ಲಿ ಅಮೆರಿಕ ಸರಕಾರವು ಟ್ರಕೋಮಾವನ್ನು ಅಪಾಯಕಾರಿ ಅಂಟುರೋಗಗಳ ಪಟ್ಟಿಗೆ ಸೇರಿಸಿತು. ಎಲ್ಲಿಸ್ ದ್ವೀಪದಲ್ಲಿ ಇಳಿದವರು ಸಾಲಾಗಿ ನಿಲ್ಲಬೇಕು. ವೈದ್ಯರು ಒಬ್ಬೊಬ್ಬರ ರೆಪ್ಪೆಯನ್ನು ಬೆರಳಿನಿಂದಲೋ, ಬೂಟಿನ ಗುಂಡಿ ಹಾಕುವ ಕೊಕ್ಕೆಯಿಂದಲೋ ಮಗುಚಿ ನೋಡುತ್ತಿದ್ದರು. ಒಳಗೆ ಗುಳ್ಳೆ ಕಂಡರೆ ಕೋಟಿನ ಮೇಲೆ ಸೀಮೆಸುಣ್ಣದ ಗುರುತು ಬೀಳುತ್ತಿತ್ತು. ರೋಗ ಖಚಿತವಾದವರು ಬಂದ ದಾರಿ ಹಿಡಿಯಬೇಕಾಗುತ್ತಿತ್ತು. ಮನೆಮಠ ಮಾರಿ ಸಮುದ್ರ ದಾಟಿ ಬಂದ ಸಂಸಾರದಲ್ಲಿ ಒಂದು ಮಗುವಿನ ಕಣ್ಣು ಕೆಂಪಾಗಿದ್ದರೆ, ಯಾರು ಒಳಗೆ ಹೋಗುವುದು, ಯಾರು ಮಗುವಿನೊಡನೆ ಹಿಂದಿರುಗುವುದು ಎಂದು ಅಲ್ಲೇ ನಿಂತು ತೀರ್ಮಾನಿಸಬೇಕು. ಗಡಿ ಎಂಬುದು ನಕ್ಷೆಯ ಮೇಲಿನ ಗೆರೆ ಮಾತ್ರವಲ್ಲ, ಸಂಸಾರದ ನಡುವೆ ಎಳೆಯುವ ಗೆರೆಯೂ ಆಗಬಹುದು. ಈ ಮಾತನ್ನು ನಮ್ಮ ಕೇಳುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟೆಲ್ಲ ಆದರೂ ರೋಗಕ್ಕೆ ಕಾರಣ ಯಾವುದೆಂದು ಯಾರಿಗೂ ತಿಳಿದಿರಲಿಲ್ಲ. 1907ರಲ್ಲಿ ಮೊದಲ ಸುಳಿವು ಸಿಕ್ಕಿತು. ಲುಡ್ವಿಗ್ ಹಾಲ್ಬರ್ಸ್ಟೆಟರ್ ಮತ್ತು ಸ್ಟಾನಿಸ್ಲಾಸ್ ಫಾನ್ ಪ್ರೊವಾಝೆಕ್ ಎಂಬಿಬ್ಬರು ವಿಜ್ಞಾನಿಗಳು ಜಾವಾ ದ್ವೀಪಕ್ಕೆ ಹೋಗಿದ್ದರು. ಹೋದದ್ದು ಬೇರೆ ರೋಗದ ಸಂಶೋಧನೆಗೆ. ಅಲ್ಲಿ ಟ್ರಕೋಮಾ ರೋಗಿಯ ರೆಪ್ಪೆಯಿಂದ ಕೆರೆದು ತೆಗೆದುದನ್ನು ಒರಾಂಗುಟಾನ್ ವಾನರದ ಕಣ್ಣಿಗೆ ಹಚ್ಚಿದರು. ವಾನರಕ್ಕೂ ಕಣ್ಣು ಬಂತು. ಆ ಜೀವಕೋಶಗಳಿಗೆ ಬಣ್ಣ ಕಟ್ಟಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಕೋಶಕೇಂದ್ರದ ಪಕ್ಕದಲ್ಲಿ ಅತಿ ಸಣ್ಣ ಕಣಗಳ ಒಂದು ಗುಂಪು, ಯಾವುದೋ ಮುಸುಕಿನೊಳಗೆ ಕೂಡಿಟ್ಟಂತೆ ಕಾಣಿಸಿತು. ಗ್ರೀಕರು ಹೆಗಲ ಮೇಲೆ ಹೊದೆಯುವ ಮೇಲುಹೊದಿಕೆಗೆ ಕ್ಲಾಮಿಸ್ ಎನ್ನುತ್ತಾರೆ. ಆ ಮಾತಿನಿಂದಲೇ ಈ ಕಣಗಳಿಗೆ ಅವರು ಹೆಸರಿಟ್ಟರು. ಕ್ಲಮಿಡಿಯಾ ಎಂಬ ಹೆಸರಿನ ಹುಟ್ಟು ಇಲ್ಲಿ.

ಅದಾದ ಎರಡು ಮೂರು ವರ್ಷಗಳಲ್ಲಿ ಇನ್ನೊಂದು ಅಚ್ಚರಿ ಹೊರಬಂತು. ಹುಟ್ಟಿದ ಕೆಲವೇ ದಿನಗಳಲ್ಲಿ ಕೆಲವು ಹಸುಗೂಸುಗಳ ಕಣ್ಣಲ್ಲಿ ಕೀವು ಬರುತ್ತದಲ್ಲ, ಅಂಥ ಕೆಲವು ಕೂಸುಗಳ ಕಣ್ಣಿನಲ್ಲೂ ಇದೇ ಹೊದಿಕೆಯ ಕಣಗಳು ಕಂಡವು. ತಾಯಿಯ ಗರ್ಭಕೋಶದ ಬಾಯಿಯಲ್ಲಿ ನೋಡಿದರೆ ಅಲ್ಲಿಯೂ ಇವೆ. ತಂದೆಯ ಮೂತ್ರನಾಳದಲ್ಲಿಯೂ ಇವೆ. ಕಣ್ಣಿನ ರೋಗಕ್ಕೂ ದಾಂಪತ್ಯದ ಗುಟ್ಟಿನ ರೋಗಕ್ಕೂ ಬೇರು ಒಂದೇ ಎಂಬ ಸತ್ಯ ಆಗಲೇ ಇಣುಕಿತ್ತು. ಆದರೆ ಜಗತ್ತು ಅದನ್ನು ಗಮನಕ್ಕೆ ತಂದುಕೊಳ್ಳಲು ಇನ್ನೂ 50 ವರ್ಷ ಬೇಕಾಯಿತು. ಪ್ರೊವಾಝೆಕ್ 1915ರಲ್ಲಿ, ಯುದ್ಧಕೈದಿಗಳ ಶಿಬಿರದಲ್ಲಿ ಟೈಫಸ್ ಜ್ವರದ ಸಂಶೋಧನೆ ಮಾಡುತ್ತಿದ್ದಾಗ ಅದೇ ಜ್ವರ ತಗುಲಿ ತೀರಿಕೊಂಡರು.

ಕಂಡರೇನಾಯಿತು? ರೋಗಾಣುವನ್ನು ಹಿಡಿದು ಬೆಳೆಸಿ, ಅದರಿಂದಲೇ ರೋಗ ಬರುತ್ತದೆಂದು ತೋರಿಸಿದ ಹೊರತು ವಿಜ್ಞಾನ ಒಪ್ಪುವುದಿಲ್ಲ. ಇದೋ ಜೀವಕೋಶದ ಹೊರಗೆ ಬೆಳೆಯುವುದೇ ಇಲ್ಲ. 1920ರ ದಶಕದ ಕೊನೆಗೆ ಹಿದೆಯೊ ನೊಗುಚಿ ಎಂಬ ಹೆಸರಾಂತ ಜಪಾನಿ ವಿಜ್ಞಾನಿ, ಟ್ರಕೋಮಾದ ಬ್ಯಾಕ್ಟೀರಿಯಾ ಸಿಕ್ಕಿತೆಂದು ಪ್ರಕಟಿಸಿದರು. ದೊಡ್ಡವರ ಮಾತು ಎಂದು ಅನೇಕರು ನಂಬಿದರು. ಅದು ನಿಜವಲ್ಲ ಎಂದು ತೋರಿಸಿದವರಲ್ಲಿ ಒಬ್ಬರು ಚೀನಾ ದೇಶದ ತಾಂಗ್ ಫೇಫಾನ್. ಈ ಚರಿತ್ರೆಯ ನಾಯಕರು ಇವರೇ.

ತಾಂಗ್ ಹುಟ್ಟಿದ್ದು 1897ರಲ್ಲಿ, ಹುನಾನ್ ಪ್ರಾಂತದಲ್ಲಿ. ಚಾಂಗ್‌ಶಾ ನಗರದಲ್ಲಿ ವೈದ್ಯವಿದ್ಯೆ ಕಲಿತು, ಅಮೆರಿಕದ ಹಾರ್ವರ್ಡಿನಲ್ಲಿ ಹ್ಯಾನ್ಸ್ ಜಿನ್ಸರ್ ಅವರ ಕೈಕೆಳಗೆ ಸಂಶೋಧನೆ ಮಾಡಿ, 1929ರಲ್ಲಿ ಸ್ವದೇಶಕ್ಕೆ ಮರಳಿದರು. ಯುದ್ಧಕಾಲದಲ್ಲಿ ಕುನ್‌ಮಿಂಗ್ ಎಂಬ ಊರಿನಲ್ಲಿ ಇಲ್ಲಗಳ ನಡುವೆಯೇ ಪ್ರಯೋಗಶಾಲೆ ನಡೆಸಿ, ಲಸಿಕೆಗಳನ್ನು ಮಾಡಿ, ಚೀನಾದ ಮೊದಲ ಪೆನಿಸಿಲಿನ್ನನ್ನೂ ತಯಾರಿಸಿದರು. 1954ರ ಸುಮಾರಿಗೆ ಬೀಜಿಂಗಿನ ಕಣ್ಣಿನ ವೈದ್ಯ ಜಾಂಗ್ ಶಿಯಾವೊಲೋ ಅವರೊಡನೆ ಸೇರಿ ಮತ್ತೆ ಟ್ರಕೋಮಾದ ಬೆನ್ನು ಹತ್ತಿದರು.

ಇವರ ಹೊಲ ಯಾವುದೆಂದರೆ ಕೋಳಿಮೊಟ್ಟೆ. ಕಾವು ಕೊಟ್ಟ ಮೊಟ್ಟೆಯ ಹಳದಿ ಲೋಳೆಯ ಚೀಲಕ್ಕೆ ರೋಗಿಯ ಕಣ್ಣಿನಿಂದ ತೆಗೆದ ದ್ರವವನ್ನು ಚುಚ್ಚಿ, ರೋಗಾಣು ಬೆಳೆಯುವುದೋ ಎಂದು ಕಾಯುವುದು. ಕಷ್ಟವೆಂದರೆ, ಆ ದ್ರವದಲ್ಲಿ ಬೇರೆ ಕ್ರಿಮಿಗಳೂ ಇರುತ್ತವೆ. ಕಳೆಯನ್ನು ಕೊಲ್ಲಲು ಔಷಧ ಹಾಕಬೇಕು, ಬೆಳೆ ಮಾತ್ರ ಸಾಯಬಾರದು. ಪೆನಿಸಿಲಿನ್ ಹಾಕಿದರೆ ಕ್ಲಮಿಡಿಯಾ ಬೆಳವಣಿಗೆಯೂ ನಿಂತುಹೋಗುತ್ತದೆ; ಸ್ಟ್ರೆಪ್ಟೊಮೈಸಿನ್ ಅದಕ್ಕೆ ಅಷ್ಟಾಗಿ ತಾಗುವುದಿಲ್ಲ. ಈ ಹದ ಹಿಡಿಯುವುದರಲ್ಲೇ ತಾಂಗ್ ಅವರ ಜಾಣ್ಮೆ ಇತ್ತು. ಸ್ವಂತ ಕೈಯಿಂದ ಪೆನಿಸಿಲಿನ್ ಮಾಡಿದವರು ಇಲ್ಲಿ ಅದರ ಬಗ್ಗೆಯೇ ಎಚ್ಚರದಿಂದಿರಬೇಕಾಯಿತು. 1955ರಲ್ಲಿ ರೋಗಾಣು ಅವರ ಮೊಟ್ಟೆಯಲ್ಲಿ ಬೆಳೆಯಿತು. 1957ರಲ್ಲಿ ಅವರ ಪ್ರಬಂಧ ಇಂಗ್ಲಿಷಿನಲ್ಲಿ ಹೊರಬಂದಾಗ ಜಗತ್ತಿನ ಕಣ್ಣಿನ ವೈದ್ಯರೆಲ್ಲ ತಿರುಗಿ ನೋಡಿದರು. 50 ವರ್ಷಗಳ ಹುಡುಕಾಟ ಮುಗಿದಿತ್ತು.

ಆದರೆ ತಾಂಗ್ ಅವರಿಗೆ ತೃಪ್ತಿಯಿಲ್ಲ. ಮೊಟ್ಟೆಯಲ್ಲಿ ಬೆಳೆದದ್ದು ಮನುಷ್ಯರಿಗೆ ಟ್ರಕೋಮಾ ತರುತ್ತದೆಂದು ರುಜುವಾತಾಗಬೇಡವೇ? ಇದಕ್ಕೆ ಯಾರ ಕಣ್ಣು ಕೇಳುವುದು? ಬೇರೆಯವರ ಕಣ್ಣು ಕೇಳುವ ಬದಲು ಅವರು ತಮ್ಮ ಕಣ್ಣನ್ನೇ ಕೊಟ್ಟರು. 1958ರ ಹೊಸ ವರ್ಷದ ಹೊಸ್ತಿಲಲ್ಲಿ ತಾವೇ ಬೆಳೆಸಿದ ರೋಗಾಣುವನ್ನು ತಮ್ಮ ಕಣ್ಣಿಗೆ ಹಾಕಿಸಿಕೊಂಡರು. ಆಗ ಅವರ ವಯಸ್ಸು 60. ಕಣ್ಣು ಕೆಂಪಾಯಿತು, ಊದಿತು, ಗುಳ್ಳೆಗಳೆದ್ದವು. ರೋಗದ ನಡೆಯನ್ನು ಪೂರ್ತಿ ನೋಡಬೇಕೆಂದು ಸುಮಾರು 40 ದಿನ ಅವರು ಔಷಧ ಹಾಕಿಕೊಳ್ಳಲಿಲ್ಲ. ಆ ಕಣ್ಣಿನಿಂದಲೇ ರೋಗಾಣುವನ್ನು ಮರಳಿ ತೆಗೆದು ಬೆಳೆಸಿ ತೋರಿಸಿದರು. ಅದೇ ವರ್ಷ ಲಂಡನ್ನಿನ ಲಿಸ್ಟರ್ ಸಂಸ್ಥೆಯ ಎಲ್.ಎಚ್. ಕಾಲಿಯರ್ ಮತ್ತು ಸಂಗಡಿಗರು ಆಫ್ರಿಕದ ಗ್ಯಾಂಬಿಯಾದ ರೋಗಿಗಳಿಂದ ಇದೇ ರೋಗಾಣುವನ್ನು ಬೇರ್ಪಡಿಸಿ, ತಾಂಗ್ ಹೇಳಿದ್ದು ನಿಜವೆಂದು ದೃಢಪಡಿಸಿದರು.

ಇಂಥ ಮನುಷ್ಯನಿಗೆ ಅವನ ನಾಡು ಏನು ಕೊಟ್ಟಿತು? 1958ರಲ್ಲಿ ಚೀನಾದಲ್ಲಿ ವಿದ್ಯಾವಂತರ ಮೇಲೆ ರಾಜಕೀಯದ ಬೇಟೆ ನಡೆದಿತ್ತು. ಪರದೇಶದಲ್ಲಿ ಓದಿದ್ದೇ ಅಪರಾಧ, ಹಳೆಯ ಸರಕಾರದಲ್ಲಿ ಕೆಲಸ ಮಾಡಿದ್ದೇ ದ್ರೋಹ. ತಮ್ಮದೇ ಸಂಸ್ಥೆಯ ಸಭೆಗಳಲ್ಲಿ ಅವರನ್ನು ನಿಲ್ಲಿಸಿ ದಿನದಿನವೂ ಹೀಯಾಳಿಸಿದರು. 1958ರ ಸೆಪ್ಟೆಂಬರ್ 30ರಂದು, ಆ ಅವಮಾನವನ್ನು ತಾಳಲಾರದೆ, ತಾಂಗ್ ತಮ್ಮ ಜೀವವನ್ನು ತಾವೇ ಕೊನೆಗೊಳಿಸಿಕೊಂಡರು. ಕಣ್ಣಿನ ರೋಗವನ್ನು ನಗುತ್ತ ತಾಳಿಕೊಂಡವರಿಗೆ ಜನರ ಕಣ್ಣಿನ ತಿರಸ್ಕಾರವನ್ನು ತಾಳಲಾಗಲಿಲ್ಲ. 20 ವರ್ಷಗಳ ತರುವಾಯ ಅವರ ಮೇಲಿನ ಕಳಂಕ ತೊಳೆಯಿತು. 1981ರಲ್ಲಿ ಅಂತರರಾಷ್ಟ್ರೀಯ ಟ್ರಕೋಮಾ ನಿವಾರಣಾ ಸಂಸ್ಥೆ ಅವರ ಹೆಸರಿಗೆ ಚಿನ್ನದ ಪದಕ ನೀಡಿತು. 1992ರಲ್ಲಿ ಚೀನಾ ಅವರ ಚಿತ್ರದ ಅಂಚೆಚೀಟಿ ಹೊರಡಿಸಿತು. ಪದಕವೂ ಬಂತು, ಅಂಚೆಚೀಟಿಯೂ ಬಂತು, ನೋಡಲು ಕಣ್ಣುಗಳಿರಲಿಲ್ಲ.

ತಾಂಗ್ ತಮ್ಮ ಪ್ರಬಂಧದಲ್ಲಿ ಇದನ್ನು ವೈರಸ್ ಎಂದೇ ಕರೆದಿದ್ದರು. ಎಲ್ಲರೂ ಹಾಗೆಯೇ ತಿಳಿದಿದ್ದರು. ವೈರಸ್ಸಿನಂತೆ ಇದು ಬಹಳ ಚಿಕ್ಕದು. ಜೀವಕೋಶದೊಳಗೆ ಹೊಕ್ಕೇ ಬದುಕಬೇಕು. ಆದರೆ ಒಂದು ಅನುಮಾನ ಉಳಿದಿತ್ತು. 1930ರ ದಶಕದ ಕೊನೆಯಲ್ಲೇ ಅಮೆರಿಕದ ಮೂಲನಿವಾಸಿ ಟ್ರಕೋಮಾ ರೋಗಿಗಳಿಗೆ ಸಲ್ಫಾ ಔಷಧ ಕೊಟ್ಟು ಗುಣವಾದದ್ದನ್ನು ನೋಡಿದ್ದರು. ವೈರಸ್ ಇಂಥ ಔಷಧಿಗಳಿಗೆ ಬಗ್ಗುವುದಿಲ್ಲವಲ್ಲ! 1966ರಲ್ಲಿ ಜೇಮ್ಸ್ ಮೌಲ್ಡರ್ ಎಂಬ ವಿಜ್ಞಾನಿ ಸಾಕ್ಷ್ಯಗಳನ್ನೆಲ್ಲ ಒಟ್ಟುಗೂಡಿಸಿ, ಇದರಲ್ಲಿ ಡಿ.ಎನ್.ಎ., ಆರ್.ಎನ್.ಎ. ಎರಡೂ ಇವೆ, ಇದು ಎರಡಾಗಿ ಸೀಳಿಕೊಂಡು ಬೆಳೆಯುತ್ತದೆ, ಪ್ರತಿಜೈವಿಕ ಔಷಧಿಗೆ ಸಾಯುತ್ತದೆ, ಆದ್ದರಿಂದ ಇದು ಬ್ಯಾಕ್ಟೀರಿಯಾವೇ ಎಂದು ವಾದಿಸಿದರು. ವೈರಸ್ಸಿನ ಪಟ್ಟಿಯಲ್ಲೂ ಪೂರ್ತಿ ಸೇರದೆ, ಬ್ಯಾಕ್ಟೀರಿಯಾದ ಪಟ್ಟಿಯಲ್ಲೂ ಹೆಸರಿಲ್ಲದೆ, ಅದು ಅರ್ಧ ಶತಮಾನ ಗಡಿಯಲ್ಲೇ ನಿಂತಿತ್ತು. ಯಾವ ಪಟ್ಟಿಯಲ್ಲಿ ಹೆಸರಿದೆ ಎಂಬುದರ ಮೇಲೆ ಎಷ್ಟೊಂದು ನಿಂತಿದೆ ಎಂದು ಗಡಿನಾಡಿನ ನಮಗೆ ಗೊತ್ತಿರುವುದೇ. ಇಲ್ಲಿ ನಿಂತದ್ದು ಔಷಧ. ಬ್ಯಾಕ್ಟೀರಿಯಾ ಎಂದು ಖಚಿತವಾದ ಮೇಲೆ ಗುಣವಾಗುವ ದಾರಿಯೂ ಖಚಿತವಾಯಿತು.

ಇದರ ಬದುಕಿನ ರೀತಿ ವಿಚಿತ್ರ. ಹೊರಗಿರುವಾಗ ಇದು ಗಟ್ಟಿ ಕವಚದ ಸಣ್ಣ ಬೀಜದಂತೆ. ಗಾತ್ರ ಒಂದು ಮಿಲಿಮೀಟರಿನ ಮೂರು ಸಾವಿರದಲ್ಲೊಂದು ಪಾಲಿನಷ್ಟು. ಆಗ ಅದು ಬೆಳೆಯುವುದಿಲ್ಲ. ನಮ್ಮ ಮೈಯ ಜೀವಕೋಶಕ್ಕೆ ಅಂಟಿ ಒಳಹೊಕ್ಕೊಡನೆ, ಒಂದು ಚೀಲದೊಳಗೆ ಅಡಗಿ, ಕವಚ ಸಡಿಲಿಸಿ ದೊಡ್ಡದಾಗುತ್ತದೆ, ಒಡೆದು ಒಡೆದು ನೂರಾರಾಗುತ್ತದೆ. ಊಟವೂ ಮನೆಯೂ ಅತಿಥೇಯರದೇ. ಎರಡು ಮೂರು ದಿನಗಳಲ್ಲಿ ಮತ್ತೆ ಬೀಜಗಳಾಗಿ, ಆ ಜೀವಕೋಶವನ್ನು ಬಿಟ್ಟು ಹೊರಬಿದ್ದು, ನೆರೆಮನೆಗೆ ಹೊರಡುತ್ತದೆ.

ಈ ಕುಟುಂಬ ದೊಡ್ಡದು. 1929-30ರಲ್ಲಿ ದಕ್ಷಿಣ ಅಮೆರಿಕದ ಗಿಳಿಗಳನ್ನು ಸಾಕಿದ ಮನೆಗಳಲ್ಲಿ ಭೀಕರ ಶ್ವಾಸಕೋಶದ ಜ್ವರ ಹಬ್ಬಿ ಅಮೆರಿಕ, ಯುರೋಪುಗಳಲ್ಲಿ ಗಾಬರಿಯಾಯಿತು. ಅದಕ್ಕೆ ಕಾರಣ ಇದರದೇ ದಾಯಾದಿ. 1965ರಲ್ಲಿ ತೈವಾನಿನ ಒಂದು ಮಗುವಿನ ಕಣ್ಣಿನಲ್ಲಿ ಸಿಕ್ಕ ಇನ್ನೊಂದು ಬಗೆ, ನ್ಯುಮೋನಿಯಾ ತರುವಂಥದ್ದು ಎಂದು ತಿಳಿದು, 1989ರಲ್ಲಿ ಪ್ರತ್ಯೇಕ ಹೆಸರು ಪಡೆಯಿತು. ಟ್ರಕೋಮಾ ತರುವ ಜಾತಿಯಲ್ಲೇ ಒಳಪಂಗಡಗಳಿವೆ. ಕೆಲವು ಕಣ್ಣಿಗೆ, ಕೆಲವು ಜನನಾಂಗಗಳಿಗೆ, ಇನ್ನು ಕೆಲವು ತೊಡೆಯ ಸಂದಿನ ಗಡ್ಡೆಗಳಿಗೆ.

ಈಗ ಸಂಕೋಚ ಬಿಟ್ಟು ಒಂದು ಮಾತು ಹೇಳಬೇಕು. 1959ರಲ್ಲಿ ಲಂಡನ್ನಿನ ವೈದ್ಯರು, ಕಣ್ಣುಬೇನೆಯ ಹಸುಗೂಸಿನ ತಾಯಿಯ ಗರ್ಭಕೋಶದ ಬಾಯಿಯಿಂದ ಈ ರೋಗಾಣುವನ್ನು ಬೆಳೆಸಿ ತೋರಿಸಿದರು. ಇಂದು ಜಗತ್ತಿನಲ್ಲಿ ಲೈಂಗಿಕ ಸಂಪರ್ಕದಿಂದ ಹರಡುವ ಬ್ಯಾಕ್ಟೀರಿಯಾ ರೋಗಗಳಲ್ಲಿ ಇದು ಮುಂಚೂಣಿಯಲ್ಲಿದೆ. 2020ರ ಒಂದೇ ವರ್ಷದಲ್ಲಿ ಸುಮಾರು 12 ಕೋಟಿ 90 ಲಕ್ಷ ಹೊಸ ಸೋಂಕುಗಳಾಗಿವೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಸೋಂಕು ತಗುಲಿದ ಹೆಂಗಸರಲ್ಲಿ ಹೆಚ್ಚಿನವರಿಗೆ ಯಾವ ಲಕ್ಷಣವೂ ತೋರುವುದಿಲ್ಲ. ಗಂಡಸರಲ್ಲೂ ಎಷ್ಟೋ ಮಂದಿಗೆ ತೋರುವುದಿಲ್ಲ. ನೋವಿಲ್ಲ, ಜ್ವರವಿಲ್ಲ. ಅದು ಸದ್ದಿಲ್ಲದೆ ಗರ್ಭನಾಳಕ್ಕೇರಿ, ರೆಪ್ಪೆಯಲ್ಲಿ ಮಾಡುವಂತೆಯೇ ಅಲ್ಲಿಯೂ ಗಾಯದ ಕಲೆ ಉಳಿಸುತ್ತದೆ. ನಾಳ ಮುಚ್ಚಿಹೋಗುತ್ತದೆ. ಕೆಲವರಿಗೆ ಗರ್ಭಕೋಶದ ಹೊರಗೇ ಗರ್ಭ ಕಟ್ಟಿ ಜೀವಕ್ಕೆ ಅಪಾಯವಾಗುತ್ತದೆ.

ಮಕ್ಕಳಾಗದ ಸೊಸೆಯನ್ನು ನಮ್ಮ ಊರುಗಳಲ್ಲಿ ಏನೆಂದು ಕರೆಯುತ್ತಾರೆ, ಮುತ್ತೈದೆಯರ ಸಾಲಿನಲ್ಲಿ ಅವಳನ್ನು ಎಲ್ಲಿ ಕೂರಿಸುತ್ತಾರೆ ಎಂಬುದನ್ನು ನಾನು ಹೇಳಬೇಕೇ? ಬಂಜೆತನಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಒಂದು ಈ ರೋಗಾಣು. ಗಂಡನಿಂದ ಬಂದ ಸೋಂಕಿಗೆ ಹೆಂಡತಿ ಹರಕೆ ಹೊತ್ತು ಗುಡಿ ಸುತ್ತಿದ ಉದಾಹರಣೆಗಳು ಎಷ್ಟಿದ್ದಾವೋ ಬಲ್ಲವರಾರು? ಸಮಯಕ್ಕೆ ಪರೀಕ್ಷೆ ಮಾಡಿಸಿದರೆ ಸಾಧಾರಣ ಪ್ರತಿಜೈವಿಕ ಮಾತ್ರೆಗಳಿಂದ ಸೋಂಕು ಗುಣವಾಗುತ್ತದೆ. ಆದರೆ ಗಂಡ ಹೆಂಡಿರಿಬ್ಬರೂ ಒಟ್ಟಿಗೆ ಚಿಕಿತ್ಸೆ ಪಡೆಯಬೇಕು. ಒಬ್ಬರೇ ಪಡೆದರೆ ಒಡೆದ ಕೊಡಕ್ಕೆ ನೀರು ತುಂಬಿದಂತೆ. ಆಗಲೇ ಬಿದ್ದ ಕಲೆಯನ್ನು ಮಾತ್ರೆ ಅಳಿಸಲಾರದು. ಆದ್ದರಿಂದ ತಡಮಾಡಬಾರದು.

ಟ್ರಕೋಮಾದ ಕಥೆಯಲ್ಲೂ ಹೆಂಗಸಿನ ಪಾಲು ಹೆಚ್ಚೇ. ರೋಗ ಹರಡುವುದು ಮಕ್ಕಳ ಕಣ್ಣಿನ ಪಿಸುರಿನಿಂದ, ಬೆರಳು, ಬಟ್ಟೆ, ನೊಣಗಳ ಮೂಲಕ. ಮಗುವಿನ ಮುಖ ಒರೆಸುವವಳು ತಾಯಿ. ಅದರಿಂದಾಗಿ ಈ ರೋಗದಿಂದ ಕುರುಡರಾಗುವ ಸಂಭವ ಗಂಡಸರಿಗಿಂತ ಹೆಂಗಸರಿಗೆ ನಾಲ್ಕು ಪಟ್ಟಿನವರೆಗೂ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪ್ರೀತಿಗೆ ಇಂಥ ಬೆಲೆ!

ಕೊನೆಗೆ ಒಂದು ಸಂತೋಷದ ಸಂಗತಿ. ಪಂಜಾಬ್, ರಾಜಸ್ಥಾನ, ಗುಜರಾತ್, ಉತ್ತರ ಪ್ರದೇಶಗಳ ಒಣ ಸೀಮೆಯಲ್ಲಿ ಒಂದು ಕಾಲಕ್ಕೆ ಈ ರೋಗ ಮನೆಮನೆಯ ಮಾತಾಗಿತ್ತು. ಭಾರತ ಸರಕಾರ 1963ರಲ್ಲಿ ರಾಷ್ಟ್ರೀಯ ಟ್ರಕೋಮಾ ನಿಯಂತ್ರಣ ಕಾರ್ಯಕ್ರಮ ಆರಂಭಿಸಿತು. 1976ರಲ್ಲಿ ಅದು ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮದೊಳಗೆ ಸೇರಿತು. 1971ರಲ್ಲಿ ದೇಶದ ಕುರುಡುತನದಲ್ಲಿ ನೂರಕ್ಕೆ 5ರಷ್ಟು ಟ್ರಕೋಮಾದಿಂದ ಆಗಿತ್ತು. ಮುಂದೆ ಅದು ನೂರಕ್ಕೆ ಒಂದಕ್ಕಿಂತ ಕೆಳಗಿಳಿಯಿತು. 2024ರ ಅಕ್ಟೋಬರಿನಲ್ಲಿ, ಭಾರತವು ಟ್ರಕೋಮಾವನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಉಳಿಯದಂತೆ ನಿವಾರಿಸಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಇದನ್ನು ಸಾಧಿಸಿದ್ದು ಮುಲಾಮು, ಮಾತ್ರೆ, ರೆಪ್ಪೆಯ ಸಣ್ಣ ಶಸ್ತ್ರಕ್ರಿಯೆಗಳು ಮಾತ್ರವಲ್ಲ. ನಲ್ಲಿಯ ನೀರು, ಶೌಚಾಲಯ, ಶುಚಿಯಾದ ಮುಖದ ಮಗು, ಇವೂ ಅದನ್ನು ಸಾಧಿಸಿದವು. ಮುಖ ತೊಳೆಯಲು ಒಂದು ಚೊಂಬು ನೀರು ಹತ್ತಿರದಲ್ಲಿ ಇರುವುದು ಎಷ್ಟು ದೊಡ್ಡ ಔಷಧ ಎಂದು ಬಿಂದಿಗೆ ಹೊತ್ತು ದೂರ ನಡೆದವರೇ ಬಲ್ಲರು.

ಕಣ್ಣಿನ ಕ್ಲಮಿಡಿಯಾವನ್ನು ನಾವು ಸೋಲಿಸಿದ್ದೇವೆ. ಏಕೆಂದರೆ ಕಣ್ಣುಬೇನೆಯನ್ನು ಹೇಳಿಕೊಳ್ಳಲು ಯಾರೂ ನಾಚುವುದಿಲ್ಲ. ಅದೇ ರೋಗಾಣುವಿನ ಇನ್ನೊಂದು ಮುಖ ಗೆಲ್ಲುತ್ತಲೇ ಇದೆ, ಏಕೆಂದರೆ ಅದರ ಬಗ್ಗೆ ಬಾಯಿ ಬಿಡಲು ನಾವು ನಾಚುತ್ತೇವೆ. ಪ್ರೊವಾಝೆಕ್ ಸೂಕ್ಷ್ಮದರ್ಶಕದಲ್ಲಿ ಕಂಡ ಹೊದಿಕೆ ಆ ರೋಗಾಣುವಿನದು. ಈ ಎರಡನೆಯ ಹೊದಿಕೆಯನ್ನು ಅದಕ್ಕೆ ಹೊದಿಸಿದವರು ನಾವು. ತನ್ನ ಕಣ್ಣನ್ನೇ ಒಡ್ಡಿ ಒಬ್ಬರು ನಮಗೆ ಸತ್ಯ ತೋರಿಸಿದ್ದಾರೆ. ನಾವು ಮಾಡಬೇಕಾದದ್ದು ಅಷ್ಟು ಕಷ್ಟದ್ದಲ್ಲ. ಮನೆಯ ಸೊಸೆಯ ಮೇಲೆ ಬೆರಳು ತೋರಿಸುವ ಮುಂಚೆ, ಮಗನನ್ನೂ ಸೊಸೆಯನ್ನೂ ಜೊತೆಯಾಗಿ ವೈದ್ಯರ ಬಳಿಗೆ ಕಳಿಸಿದರೆ ಸಾಕು.